ದಾವಣಗೆರೆಯ ಮನೆಯಿಂದಲೇ ಮೊದಲ ಪಾಪ್ ಆಲ್ಬಂ: ಯಾವುದು ಮೊದಲು, ಯಾವುದು ಆಮೇಲೆ

ಆಲ್ಬಂ ಮಾಡಲು ಹೊರಟು ನನ್ನ ಹತ್ತಿರ ವಿದ್ಯಾನಗರದ ಹುಡುಗ ಬರಲಿ, ಹರಿಹರದ ಹುಡುಗಿ ಬರಲಿ, ಹೇಳುವುದು ಒಂದೇ: "ಎರಡು ಹಾಡು ರೆಡಿ ಆಯ್ತಕ್ಕ, ದುಡ್ಡು ಖಾಲಿ ಆಯ್ತು. ಉಳಿದ ಆರು ಹಾಡು ಇನ್ನೂ ಡೈರಿಯಲ್ಲೇ ಇವೆ." ಮೊದಲ ಹಾಡು ಬರೆದ ಮರುದಿನವೇ ಸ್ಟುಡಿಯೋಗೆ ಓಡಿರುತ್ತಾರೆ. ಅದನ್ನು ಮಿಕ್ಸ್ ಮಾಡಿಸಿ (ಧ್ವನಿ, ವಾದ್ಯಗಳನ್ನು ಹದವಾಗಿ ಬೆರೆಸುವುದು), ಮಾಸ್ಟರ್ ಮಾಡಿಸಿ (ಬಿಡುಗಡೆಗೆ ಮುಂಚೆ ಸದ್ದಿನ ಮಟ್ಟ ಹೊಂದಿಸುವುದು), ಚಿತ್ರದುರ್ಗಕ್ಕೆ ಹೋಗಿ ವಿಡಿಯೋನೂ ಮಾಡಿಸಿರುತ್ತಾರೆ. ಎರಡನೇ ಹಾಡಿಗೂ ಹಾಗೇ. ಮೂರನೆಯದರ ಹೊತ್ತಿಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಬೆಣ್ಣೆ ದೋಸೆ ಹೋಟೆಲಿನಲ್ಲಿ ಒಂದೊಂದು ದೋಸೆಗೂ ಬೇರೆ ಹಿಟ್ಟು ರುಬ್ಬುತ್ತಾ ಕೂರುತ್ತಾರಾ? ಆಲ್ಬಂ ಕೆಲಸವೂ ಅಷ್ಟೇ. ಎಲ್ಲ ಹಾಡನ್ನೂ ಒಟ್ಟಿಗೆ ಬರೆದು ಮುಗಿಸಿ. ಎಲ್ಲದರ ಶ್ರುತಿಯನ್ನೂ ಒಟ್ಟಿಗೆ ಗೊತ್ತು ಮಾಡಿ. ಎಲ್ಲದಕ್ಕೂ ಒಟ್ಟಿಗೆ ವಾದ್ಯ ನುಡಿಸಿ. ಒಂದು ಹಂತದಲ್ಲಿ ಒಂದು ಹಾಡು ಬಾಕಿ ಇದ್ದರೂ ಮುಂದಿನ ಹಂತಕ್ಕೆ ಹೋಗಬೇಡಿ. ಕೆಳಗಿನದೆಲ್ಲ ಈ ಸರದಿಯಲ್ಲೇ ಇದೆ.

## ಬೇಕಾಗುವ ಸಾಮಾನು

ಒಂದು ಲ್ಯಾಪ್‌ಟಾಪ್, ಎರಡು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಡಬ್ಬಿ), ಒಂದು ಮೈಕ್, ಅದಕ್ಕೆ ಎಕ್ಸ್‌ಎಲ್‌ಆರ್ ಕೇಬಲ್, ಸ್ಟ್ಯಾಂಡ್, ಪಾಪ್ ಫಿಲ್ಟರ್ (ಬಾಯಿಯ ಗಾಳಿ ಮೈಕಿಗೆ ಬಡಿಯದಂತೆ ತಡೆಯುವ ಜಾಲರಿ), ಕಿವಿ ಪೂರ್ತಿ ಮುಚ್ಚುವ ವೈರಿನ ಹೆಡ್‌ಫೋನ್. ಇಷ್ಟು ಸಾಕು. ಬ್ಲೂಟೂತ್ ಹೆಡ್‌ಫೋನ್ ಬೇಡ. ಅದರಲ್ಲಿ ಧ್ವನಿ ಒಂದು ಚೂರು ತಡವಾಗಿ ಬರುತ್ತದೆ, ಹಾಡುವವರ ತಾಳ ತಪ್ಪುತ್ತದೆ.

ಮೈಕಿನ ವಿಷಯದಲ್ಲಿ ದುಡ್ಡು ಸುರಿಯುವವರೇ ಜಾಸ್ತಿ. ಕಂಡೆನ್ಸರ್ ಮೈಕ್ ಸೂಕ್ಷ್ಮ. ಅದಕ್ಕೆ ಇಂಟರ್‌ಫೇಸಿನಿಂದ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು. ನಿಮ್ಮ ಧ್ವನಿಯ ಜೊತೆ ಪಕ್ಕದ ಮನೆ ಕುಕ್ಕರಿನ ಸೀಟಿಯನ್ನೂ ಅದು ಹಿಡಿದು ಕೊಡುತ್ತದೆ. ಖಾಲಿ ಗೋಡೆಯ ಆರ್‌ಸಿಸಿ ಮನೆಯಾದರೆ ಶೂರ್ ಎಸ್‌ಎಂ 58 ತರಹದ ಡೈನಮಿಕ್ ಮೈಕೇ ವಾಸಿ. ಆರ್ಕೆಸ್ಟ್ರಾದವರ ಕೈಯಲ್ಲಿ ದಿನಾ ನೋಡುತ್ತೀರಲ್ಲ, ಅದೇ ಜಾತಿಯದು.

ರೆಕಾರ್ಡ್ ಮಾಡುವ ಸಾಫ್ಟ್‌ವೇರಿಗೆ ರೀಪರ್ ಇದೆ, 60 ದಿನ ಪುಕ್ಕಟೆ ಬಳಸಿ ನೋಡಬಹುದು. ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಕೊಂಡು ಐದನೇ ಹಾಡಿನ ಹೊತ್ತಿಗೆ ಫೈಲೇ ತೆರೆಯದೆ ಅತ್ತವರನ್ನು ನೋಡಿದ್ದೇನೆ.

## ಹಂತ 1: ಹಾಡುಗಳನ್ನು ಆರಿಸಿ, ಫೋನಿನಲ್ಲೇ ಡೆಮೊ ಮಾಡಿ

ಆಪಲ್ ಮ್ಯೂಸಿಕ್ಕಿನವರ ಲೆಕ್ಕದಲ್ಲಿ ನಾಲ್ಕರಿಂದ ಆರು ಹಾಡು, ಒಟ್ಟು 30 ನಿಮಿಷದ ಒಳಗಿದ್ದರೆ ಅದು ಇಪಿ, ಅಂದರೆ ಆಲ್ಬಮ್ಮಿಗಿಂತ ಚಿಕ್ಕದು. ಏಳು ಹಾಡಿದ್ದರೆ ಆಲ್ಬಂ. ಮೊದಲ ಸಲ ಏಳೆಂಟು ಹಾಡು ಸಾಕು. ಹನ್ನೆರಡಕ್ಕೆ ಕೈ ಹಾಕಬೇಡಿ.

ಹತ್ತು ಹಾಡು ಬರೆಯಿರಿ. ಗಿಟಾರ್ ಅಥವಾ ಹಾರ್ಮೋನಿಯಂ ಹಿಡಿದು, ಫೋನನ್ನು ಎದುರಿಗಿಟ್ಟು, ಮೊದಲಿಂದ ಕೊನೆತನಕ ನಿಲ್ಲಿಸದೆ ಹಾಡಿ. ಎರಡನೇ ಚರಣಕ್ಕೆ ಸಾಲು ಇನ್ನೂ ಹೊಳೆದಿಲ್ಲ ಅಂದರೆ ಆ ಹಾಡು ಮುಗಿದಿಲ್ಲ ಅಂತಲೇ ಅರ್ಥ. "ಸ್ಟುಡಿಯೋದಲ್ಲಿ ಬರೀತೀನಿ" ಅನ್ನಬೇಡಿ, ಅಲ್ಲಿ ಗಂಟೆಗೆ ಬಾಡಿಗೆ. ಒಂದು ವಾರ ಕೇಳದೆ ಇಟ್ಟು, ಆಮೇಲೆ ಕೇಳಿ, ಬೇಸರ ತರಿಸಿದ ಎರಡು ಮೂರನ್ನು ತೆಗೆದುಹಾಕಿ.

## ಹಂತ 2: ಮಾತು ರಾಗದಲ್ಲಿ ಕೆಡದಂತೆ ನೋಡಿಕೊಳ್ಳಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ನಾನೂ ಹಾರಿಸಿದ್ದೆ.

ನನ್ನ ಹಾಡೊಂದರಲ್ಲಿ "ನನ್ನ ಕತೆ ಕೇಳು" ಅಂತ ಸಾಲು. ಬೀಟ್ ಸರಿಯಾಗಿ "ತೆ" ಮೇಲೆ ಬೀಳುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಹಾಡುತ್ತಿದ್ದೆ. ಅಡುಗೆಮನೆಯಿಂದ ಅಮ್ಮ, ಕೈಯಲ್ಲಿ ಲಟ್ಟಣಿಗೆ ಹಿಡಿದೇ ಬಂದು ಕೇಳಿದರು: "ಯಾವ ಕತ್ತೆನೇ ಅದು?" ಬೀಟಿಗೆ ಒತ್ತು ಕೊಟ್ಟು ಕೊಟ್ಟು "ಕತೆ" ಹೋಗಿ "ಕತ್ತೆ" ಆಗಿತ್ತು. ಅಷ್ಟೊತ್ತಿಗೆ ಅದರ ಕೀಬೋರ್ಡ್, ರಿದಂ ಎಲ್ಲ ರೆಕಾರ್ಡ್ ಆಗಿದ್ದವು.

ಇಂಗ್ಲಿಷ್ ಅಥವಾ ಹಿಂದಿ ಹಾಡಿನ ಧಾಟಿ ತಲೆಯಲ್ಲಿಟ್ಟುಕೊಂಡು ಕನ್ನಡ ತುಂಬಿದಾಗ ಇದು ಜಾಸ್ತಿ ಆಗುತ್ತದೆ. ಕನ್ನಡದಲ್ಲಿ ಸ್ವರದ ಉದ್ದ ಬದಲಾದರೆ ಪದವೇ ಬದಲು. "ನಡು" ಎಳೆದರೆ "ನಾಡು". "ಬಿಡು" ಎಳೆದರೆ "ಬೀಡು". "ಮರ" ಎಳೆದರೆ "ಮಾರ". ಹಾಗಾಗಿ ಹೀಗೆ ಮಾಡಿ:

ಹಾಡಿನಲ್ಲಿ ಉದ್ದಕ್ಕೆ ನಿಲ್ಲುವ ಜಾಗಗಳಿಗೆ ಗೆರೆ ಹಾಕಿ. ಅಲ್ಲಿ ದೀರ್ಘ ಇರುವ ಅಕ್ಷರ ಬರಲಿ: ಬಾ, ನೀ, ಹೋ, ದೂ. ಅದು ಆಗದಿದ್ದರೆ ಪದದ ಕೊನೆಯ ಅಕ್ಷರವನ್ನು ಎಳೆಯಿರಿ. "ಬಾನಲಿ" ಅನ್ನುವುದನ್ನು "ಬಾನಲೀ" ಅಂತ ಎಳೆದರೆ ಯಾರಿಗೂ ತೊಂದರೆ ಇಲ್ಲ. ಪದದ ನಡುವಿನ ಹ್ರಸ್ವವನ್ನು ಮಾತ್ರ ಎಳೆಯಬೇಡಿ, ಒಂಟಿ ವ್ಯಂಜನದ ಮೇಲೆ ಜೋರಾಗಿ ಗುದ್ದಬೇಡಿ.

ಇನ್ನೊಂದು, "ಹ" ಅಕ್ಷರ. ಮಾತಿನಲ್ಲಿ "ಹಾಡು" ಅನ್ನುವುದನ್ನು "ಆಡು" ಅಂದರೆ ನಡೆಯುತ್ತದೆ. ಮೈಕಿನ ಮುಂದೆ ಅದು ಮೇಕೆ ಆಗುತ್ತದೆ.

ಪರೀಕ್ಷೆ ಸುಲಭ. ಸಾಹಿತ್ಯ ಓದದೇ ಇರುವ ಒಬ್ಬರಿಗೆ ಡೆಮೊ ಕೇಳಿಸಿ, ಕೇಳಿದ್ದನ್ನು ಬರೆಯಲು ಹೇಳಿ. ಎರಡು ಕಡೆಗಿಂತ ಜಾಸ್ತಿ ತಪ್ಪು ಬರೆದರೆ ಸಾಲು ತಿದ್ದಿ. ಸಂಗೀತ ಗೊತ್ತಿಲ್ಲದವರಾದರೆ ಇನ್ನೂ ಒಳ್ಳೆಯದು.

## ಹಂತ 3: ಶ್ರುತಿ ಮತ್ತು ವೇಗ ಗೊತ್ತು ಮಾಡಿ

ಗಿಟಾರಿನಲ್ಲಿ ಕೈಗೆ ಸುಲಭ ಅಂತ ಜಿ ಕಾರ್ಡಿನಲ್ಲಿ ಬರೆದಿರುತ್ತೀರಿ. ಅದು ನಿಮ್ಮ ಗಂಟಲಿಗೆ ಸರಿ ಅಂತ ಏನೂ ಇಲ್ಲ. ಪಲ್ಲವಿಯ ಅತಿ ಎತ್ತರದ ಜಾಗವನ್ನು ಸತತ ಐದು ಸಲ ಹಾಡಿ ನೋಡಿ. ಐದನೇ ಸಲ ಕತ್ತಿನ ನರ ಎದ್ದರೆ ಅರ್ಧ ಸ್ವರ ಅಥವಾ ಒಂದು ಸ್ವರ ಇಳಿಸಿ. ಕೆಳಗಿನ ಸಾಲು ಗೊಣಗಿದಂತೆ ಕೇಳಿದರೆ ಏರಿಸಿ.

ವೇಗಕ್ಕೆ ಫೋನಿನ ಮೆಟ್ರೊನೋಮ್ ಆ್ಯಪ್‌ನಲ್ಲಿ ಕಾಲು ತಟ್ಟಿದಂತೆ ಬೆರಳು ತಟ್ಟಿ, ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಲೆಕ್ಕ) ಬರೆದಿಟ್ಟುಕೊಳ್ಳಿ. ಎಲ್ಲ ಹಾಡಿನ ಹೆಸರು, ಶ್ರುತಿ, ಬಿಪಿಎಂ ಒಂದೇ ಹಾಳೆಯಲ್ಲಿ ಇರಲಿ. ಎಂಟರಲ್ಲಿ ಆರು ಹಾಡು 90ರ ಆಸುಪಾಸಿನಲ್ಲೇ ಇದ್ದರೆ ಆಲ್ಬಂ ತೂಕಡಿಸುತ್ತದೆ. ಈಗಲೇ ಗೊತ್ತಾದರೆ ಪುಕ್ಕಟೆ ತಿದ್ದಬಹುದು.

## ಹಂತ 4: ಹಕ್ಕಿನ ಕಾಗದ, ವಾದ್ಯಕ್ಕಿಂತ ಮೊದಲು

"ಎಲ್ಲ ಫ್ರೆಂಡ್ಸೇ, ಕಾಗದ ಯಾಕೆ?" ಅನ್ನುವವರಿಗೆ ಈ ಭಾಗ.

ಒಂದು ಹಾಡಿನಲ್ಲಿ ಮೂರು ಹಕ್ಕು ಇರುತ್ತವೆ: ಸಾಹಿತ್ಯದ್ದು, ರಾಗದ್ದು, ಧ್ವನಿಮುದ್ರಣದ್ದು. ಸಾಹಿತ್ಯ, ರಾಗ ನಿಮ್ಮದೇ ಆದರೂ ಮುದ್ರಣದ ಹಕ್ಕು ಯಾರದು ಅಂತ ಬರೆದುಕೊಳ್ಳದಿದ್ದರೆ, ಆಲ್ಬಂ ಸ್ವಲ್ಪ ಓಡಿದ ದಿನ ಜಗಳ ಖಂಡಿತ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲೇ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಾಗಾಗಿ ಅರೇಂಜರ್ (ಹಾಡಿಗೆ ವಾದ್ಯ ಸಂಯೋಜಿಸಿ ಕೊಡುವವರು) ಜೊತೆಗಿನ ಕಾಗದದಲ್ಲಿ ಎಷ್ಟು ವರ್ಷ, ಎಲ್ಲೆಲ್ಲಿ, ಎಷ್ಟು ದುಡ್ಡು ಮೂರೂ ಇರಲಿ. ಆಡಿಯೋ ಕಂಪನಿಯವರು ನಿಮ್ಮ ಮುಂದೆ ಕಾಗದ ಇಟ್ಟಾಗ ಮೊದಲು ಹುಡುಕಬೇಕಾದ್ದೂ ಇವೇ ಮೂರು.

ಬಿಡಿ ಟ್ರ್ಯಾಕ್‌ಗಳ (ಒಂದೊಂದು ವಾದ್ಯಕ್ಕೂ ಬೇರೆ ಬೇರೆ ಫೈಲ್) ಬಗ್ಗೆ ಆ ಕಾಗದದಲ್ಲಿ ಒಂದು ಸಾಲು ಸೇರಿಸಿ. ನನಗೆ ಒಬ್ಬರು ಪೂರ್ತಿ ದುಡ್ಡು ತೆಗೆದುಕೊಂಡು, ಎರಡು ಹಾಡಿಗೆ ಒಂದೊಂದು ಎಂಪಿ3 ಮಾತ್ರ ಕಳಿಸಿ ಫೋನ್ ಎತ್ತುವುದನ್ನೇ ಬಿಟ್ಟರು. ಒಂದು ಎಂಪಿ3ಯಿಂದ ಡ್ರಮ್ಸ್ ಬೇರೆ, ಬೇಸ್ ಬೇರೆ ಮಾಡಿ ನೆಟ್ಟಗೆ ಮಿಕ್ಸ್ ಮಾಡಲು ಆಗುವುದಿಲ್ಲ. ಆ ಎರಡನ್ನೂ ಮತ್ತೆ ಮಾಡಿಸಬೇಕಾಯಿತು. ಕೊನೆಯ ಕಂತನ್ನು ಬಿಡಿ ಟ್ರ್ಯಾಕ್‌ಗಳು ಕೈಗೆ ಬಂದ ಮೇಲೇ ಕೊಡಿ.

ಯೂಟ್ಯೂಬಿನಲ್ಲಿ "ಫ್ರೀ ಬೀಟ್" ಅಂತ ಸಿಗುವ ರೆಡಿಮೇಡ್ ವಾದ್ಯದ ಟ್ರ್ಯಾಕ್ ಹೆಚ್ಚಾಗಿ ಫ್ರೀ ಅಲ್ಲ. ಲೈಸೆನ್ಸ್ ಓದಿ. ನಾನ್-ಎಕ್ಸ್‌ಕ್ಲೂಸಿವ್ ಅಂತಿದ್ದರೆ ಅದೇ ಬೀಟ್ ಇನ್ನೂ ಎಷ್ಟೋ ಜನರ ಹಾಡಿನಲ್ಲಿರುತ್ತದೆ.

ಹಳೆಯ ಕವಿತೆಗೆ ರಾಗ ಹಾಕುವವರು ಹುಷಾರು. ಕವಿ ತೀರಿಕೊಂಡ ಮೇಲೆ ಇನ್ನೂ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಂದರೆ 2041ರ ಕೊನೆವರೆಗೆ ಅನುಮತಿ ಬೇಕು. ಕುವೆಂಪು ಅವರದು 1994, ಅಂದರೆ 2054ರವರೆಗೆ. 12ನೇ ಶತಮಾನದ ವಚನಗಳಿಗೆ, ಶಿಶುನಾಳ ಶರೀಫರ ಪದಗಳಿಗೆ ಈ ತೊಂದರೆ ಇಲ್ಲ. ಆದರೆ ನಿಮಗೆ ಬಾಯಿಪಾಠ ಇರುವ ಆ ರಾಗ ಯಾರೋ ಈಚಿನವರು ಹಾಕಿದ್ದಾಗಿರಬಹುದು.

## ಹಂತ 5: ಗೈಡ್ ಟ್ರ್ಯಾಕ್, ಆಮೇಲೆ ವಾದ್ಯ

ಎಂಟೂ ಹಾಡಿಗೆ ಕ್ಲಿಕ್ (ಮೆಟ್ರೊನೋಮಿನ ಟಕ್ ಟಕ್ ಸದ್ದು) ಹಾಕಿಕೊಂಡು, ಒಂದು ವಾದ್ಯ ಮತ್ತು ನಿಮ್ಮ ಧ್ವನಿಯಲ್ಲಿ ಒರಟಾಗಿ ಹಾಡಿ ಇಡಿ. ಇದೇ ಗೈಡ್. ಇದು ಆಲ್ಬಮ್ಮಿನಲ್ಲಿ ಬರುವುದಿಲ್ಲ, ವಾದ್ಯ ನುಡಿಸುವವರಿಗೆ ದಾರಿ ತೋರಿಸಲು ಅಷ್ಟೇ.

ವಾದ್ಯದವರಿಗಾಗಿ ಬೆಂಗಳೂರಿಗೆ ಓಡಬೇಕಿಲ್ಲ. ನಮ್ಮಲ್ಲಿ ಆರ್ಕೆಸ್ಟ್ರಾದ ಕೀಬೋರ್ಡ್, ರಿದಂ ಪ್ಯಾಡ್, ಕೊಳಲಿನವರು ಒಳ್ಳೆಯ ಕೈಯವರಿದ್ದಾರೆ. ಹಿಡಿಯುವ ಕಾಲ ಮಾತ್ರ ಗೊತ್ತಿರಬೇಕು. ಗಣಪತಿ ಕೂರಿಸಿದ ಮೇಲೆ ವಾರಗಟ್ಟಲೆ ಅವರು ಸಿಗುವುದಿಲ್ಲ. ಮದುವೆ ಸೀಸನ್ನಿನಲ್ಲೂ ಇಲ್ಲ. ಆಷಾಢದಲ್ಲಿ ಕೇಳಿ, ಸಮಯವೂ ಕೊಡುತ್ತಾರೆ, ಸಮಾಧಾನವಾಗಿಯೂ ನುಡಿಸುತ್ತಾರೆ.

ಸ್ಟೇಜಿನಲ್ಲಿ ನುಡಿಸಿ ರೂಢಿ ಇರುವವರು ಪಲ್ಲವಿ ಬಂದ ಕೂಡಲೇ ವೇಗ ಏರಿಸುತ್ತಾರೆ. ಕ್ಲಿಕ್ ಕಿವಿಯಲ್ಲಿ ಇರಲೇಬೇಕು ಅಂತ ಮೊದಲೇ ಹೇಳಿ. ಅಲ್ಲದೆ, ಖಾಲಿ ಜಾಗ ಕಂಡರೆ ತುಂಬುವ ಅಭ್ಯಾಸ. ಪಾಪ್ ಹಾಡಿಗೆ ಆ ಖಾಲಿ ಜಾಗ ಬೇಕು. ಇದನ್ನು ಹೇಳಲು ಸಂಕೋಚ ಆಗುತ್ತದೆ, ಅವರು ವಯಸ್ಸಿನಲ್ಲಿ ದೊಡ್ಡವರು. "ಅಣ್ಣ, ಇಲ್ಲಿ ಎರಡು ಆವರ್ತ ಬಿಡೋಣ, ಮಾತು ಕೇಳಲಿ" ಅಂದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಫೈಲ್ ತೆಗೆಸಿಕೊಳ್ಳುವಾಗ ಪ್ರತಿ ವಾದ್ಯವೂ ಬೇರೆ ಬೇರೆ ವೇವ್ ಫೈಲ್ ಆಗಿರಲಿ, 24 ಬಿಟ್‌ನಲ್ಲಿ. ಕೊಳಲು ಎರಡನೇ ನಿಮಿಷಕ್ಕೆ ಬಂದರೂ ಅದರ ಫೈಲ್ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಲಿ. ಇಲ್ಲದಿದ್ದರೆ ಯಾವುದು ಎಲ್ಲಿ ಕೂರಬೇಕು ಅಂತ ಹುಡುಕುತ್ತಾ ಎರಡು ದಿನ ಹೋಗುತ್ತದೆ.

## ಹಂತ 6: ಕೋಣೆ

ಚಿಕ್ಕ ಮಲಗುವ ಕೋಣೆ ಆರಿಸಿ. ಬೀರು ಬಾಗಿಲು ತೆರೆದಿಡಿ, ಒಳಗಿನ ಸೀರೆಗಳೇ ಪ್ರತಿಧ್ವನಿ ಹೀರುತ್ತವೆ. ಹಾಸಿಗೆ ಅಲ್ಲೇ ಇರಲಿ. ಎರಡು ದಪ್ಪ ಕೌದಿ ತಂದು ಹಗ್ಗಕ್ಕೆ ನೇತುಹಾಕಿ. ಎಲ್ಲಿ? ಎಲ್ಲರೂ ಮೈಕಿನ ಹಿಂದೆ ಹಾಕುತ್ತಾರೆ. ಮೈಕ್ ನೋಡುವುದು ನಿಮ್ಮ ಕಡೆಗೆ, ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ ವಾಪಸ್ ಬರುವ ಸದ್ದನ್ನೇ ಅದು ಜಾಸ್ತಿ ಹಿಡಿಯುತ್ತದೆ. ಕೌದಿ ನಿಮ್ಮ ಬೆನ್ನ ಹಿಂದೆ ಇರಬೇಕು. ಚಪ್ಪಾಳೆ ತಟ್ಟಿ ನೋಡಿ, "ಟಂಯ್" ಅಂತ ಬಾಲ ಬರುತ್ತಿದ್ದರೆ ಇನ್ನೊಂದು ಕೌದಿ.

ಫ್ಯಾನ್ ಆಫ್, ಫ್ರಿಜ್ ಆಫ್. ಏಪ್ರಿಲ್ ಬಿಸಿಲಿನಲ್ಲಿ ಇದು ಶಿಕ್ಷೆಯೇ. ರಾತ್ರಿ 11ರ ನಂತರ ಹಾಡಿ. ಮಂಡಿಪೇಟೆ ಕಡೆಯವರಿಗೆ ಬೆಳಗಿನ ಜಾವ ಲಾರಿಗಳ ಕಾಟ, ರೈಲ್ವೆ ಹಳಿ ಪಕ್ಕದವರಿಗೆ ಹಾರ್ನ್. ಒಂದು ರಾತ್ರಿ ಸುಮ್ನೆ ಕೂತು ಯಾವ ಹೊತ್ತು ನಿಶ್ಶಬ್ದ ಅಂತ ಬರೆದುಕೊಳ್ಳಿ.

ಹೆಡ್‌ಫೋನಿನಲ್ಲಿ "ಗುಂಯ್" ಅಂತ ಒಂದೇ ಸಮನೆ ಕೇಳುತ್ತಿದೆಯಾ? ಚಾರ್ಜರ್ ಕಿತ್ತು, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ. ಸದ್ದು ಹೋದರೆ ತೊಂದರೆ ಚಾರ್ಜರಿನದು, ಇಲ್ಲವೇ ಪ್ಲಗ್ಗಿನ ಅರ್ಥಿಂಗಿನದು. ಕರೆಂಟ್ ಹೋಗಿ ಇನ್ವರ್ಟರ್ ಓಡುವಾಗಲೂ ಇದೇ ಗುಂಯ್ ಬರಬಹುದು. ಆಗ ಹಾಡುವುದನ್ನು ನಿಲ್ಲಿಸಿ. "ಮಿಕ್ಸಿಂಗಿನಲ್ಲಿ ತೆಗೀತಾರೆ" ಅಂದುಕೊಳ್ಳಬೇಡಿ, ತೆಗೆದರೆ ನಿಮ್ಮ ಧ್ವನಿಯ ಕೆಳಗಿನ ಭಾಗವೂ ಜೊತೆಗೆ ಹೋಗುತ್ತದೆ.

## ಹಂತ 7: ಹಾಡುವುದು

ಮುಷ್ಟಿ ಕಟ್ಟಿ ಹೆಬ್ಬೆರಳು ಚಾಚಿದರೆ ಎಷ್ಟು ಉದ್ದವೋ, ಬಾಯಿಗೂ ಮೈಕಿಗೂ ಅಷ್ಟು ದೂರ. ನಡುವೆ ಪಾಪ್ ಫಿಲ್ಟರ್. ಕಸೂತಿ ರಿಂಗಿಗೆ ತೆಳು ನೈಲಾನ್ ಕಾಲುಚೀಲ ಬಿಗಿದರೂ ಆಯಿತು. ಪ, ಫ, ಬ, ಭ ಬಂದಾಗ "ಧಬ್" ಅನ್ನುತ್ತಿದ್ದರೆ ಮೈಕನ್ನು ಚೂರು ಓರೆ ಮಾಡಿ.

ಹಾಡಿನ ಅತಿ ಜೋರಾದ ಸಾಲನ್ನು ಹಾಡಿ ಗೇನ್ (ಮೈಕಿನ ಸದ್ದನ್ನು ಎಷ್ಟು ಏರಿಸಬೇಕು ಅನ್ನುವ ಗುಂಡಿ) ಇಡಿ, ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಆಡಲಿ. ಮೆಲ್ಲಗೆ ಹಾಡಿ ಗೇನ್ ಇಟ್ಟು, ಪಲ್ಲವಿಯಲ್ಲಿ ಕೂಗಿ, ಕೆಂಪು ದೀಪ ಹತ್ತಿಸುವುದು ಹೊಸಬರ ಮಾಮೂಲಿ ತಪ್ಪು. ಸೊನ್ನೆ ಮುಟ್ಟಿ ಒಡೆದ ಧ್ವನಿ ರಿಪೇರಿ ಆಗುವುದಿಲ್ಲ. ನಿಮ್ಮ ಧ್ವನಿ ನಿಮಗೇ ತಡವಾಗಿ ಕೇಳಿಸಿದರೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಬಟನ್ ಒತ್ತಿ.

ಪ್ರತಿ ಹಾಡನ್ನೂ ಪೂರ್ತಿಯಾಗಿ ನಾಲ್ಕು ಸಲ ಹಾಡಿ. ನಾಲ್ಕರಲ್ಲಿ ಚೆನ್ನಾಗಿ ಬಂದ ಸಾಲುಗಳನ್ನು ಜೋಡಿಸಿ. ಒಂದೊಂದೇ ಸಾಲನ್ನು ನಲವತ್ತು ಸಲ ಹಾಡುವವರಿದ್ದಾರೆ. ಕೊನೆಗೆ ಸ್ವರ ಸರಿ ಇರುತ್ತದೆ, ಜೀವ ಇರುವುದಿಲ್ಲ. ದಿನಕ್ಕೆ ಎರಡು ಹಾಡು ಸಾಕು. ಹಾಡುವ ಮುಂಚೆ ಮಿರ್ಚಿ ಮಂಡಕ್ಕಿ ಬೇಡ. ನಡುವೆ ತೇಗು ಬರುತ್ತದೆ, ನನ್ನ ಒಂದು ಟೇಕಿನಲ್ಲಿ ಅದು ಸ್ಪಷ್ಟವಾಗಿ ದಾಖಲಾಗಿದೆ.

ತಪ್ಪಿದ ಸ್ವರ ತಿದ್ದುವ ಆಟೊಟ್ಯೂನ್ ಬಳಸಿದರೆ ಹಾಡಿನ ಸ್ಕೇಲ್ ಹೊಂದಿಸಿ, ತಿದ್ದುವ ವೇಗ ನಿಧಾನ ಇಡಿ. ವೇಗ ಜಾಸ್ತಿ ಮಾಡಿದರೆ ಗಮಕವನ್ನೆಲ್ಲ ತಪ್ಪು ಅಂದುಕೊಂಡು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತದೆ.

## ಹಂತ 8: ಮಿಕ್ಸ್, ಮಾಸ್ಟರ್

ದುಡ್ಡು ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ. ಎಂಟೂ ಹಾಡನ್ನು ಒಬ್ಬರ ಕೈಗೇ ಕೊಡಿ. ನಿಮಗೆ ಬೇಕಾದ ತರಹ ಕೇಳುವ ಎರಡು ಹಾಡಿನ ಹೆಸರನ್ನೂ ಹೇಳಿ. "ಸ್ವಲ್ಪ ಪಂಚ್ ಬೇಕು" ಅಂದರೆ ಅವರಿಗೆ ಏನೂ ಅರ್ಥ ಆಗುವುದಿಲ್ಲ.

ಬಂದ ಮಿಕ್ಸನ್ನು ಫೋನಿನ ಸ್ಪೀಕರಿನಲ್ಲಿ, ಯಾರದಾದರೂ ಕಾರಿನಲ್ಲಿ, ಪರಿಚಯದ ಆಟೊದವರ ಹಿಂದಿನ ಸ್ಪೀಕರಿನಲ್ಲಿ ಕೇಳಿ. ಆಟೊದಲ್ಲಿ ಬೇಸ್ ನುಂಗಿ ಮಾತು ಕಾಣೆಯಾದರೆ ವಾಪಸ್ ಕಳಿಸಿ. ತಿದ್ದುಪಡಿಗಳನ್ನು ನಿಮಿಷ, ಸೆಕೆಂಡ್ ಸಮೇತ ಒಂದೇ ಸಲಕ್ಕೆ ಬರೆದು ಕಳಿಸಿ. ವಾಟ್ಸಾಪಿನಲ್ಲಿ ದಿನಕ್ಕೆ ಹತ್ತು ವಾಯ್ಸ್ ಮೆಸೇಜ್ ಬೇಡ.

ಮಾಸ್ಟರಿಂಗಿನಲ್ಲಿ ಸದ್ದು ಏರಿಸಲು ಒತ್ತಾಯ ಮಾಡಬೇಡಿ. ಸ್ಪಾಟಿಫೈ ಎಲ್ಲರ ಹಾಡನ್ನೂ ಸುಮಾರು ಮೈನಸ್ 14 ಲಫ್ಸ್ (ಸದ್ದು ಎಷ್ಟು ಜೋರು ಅನ್ನುವ ಅಳತೆ) ಮಟ್ಟಕ್ಕೆ ತರುತ್ತದೆ. ಜೋರಾಗಿ ಅರೆದು ಕೊಟ್ಟರೆ ಅದು ಇಳಿಸುತ್ತದೆ, ಅರೆದ ಕುರುಹು ಮಾತ್ರ ಉಳಿಯುತ್ತದೆ. ಪೀಕ್, ಅಂದರೆ ಸದ್ದಿನ ಅತಿ ಎತ್ತರದ ತುದಿ, ಮೈನಸ್ 1 ಡೆಸಿಬೆಲ್ ದಾಟದಿರಲಿ. ಎಂಟೂ ಹಾಡನ್ನು ಸಾಲಾಗಿ ಕೇಳುವಾಗ ವಾಲ್ಯೂಮ್ ಬಟನ್ ಮುಟ್ಟಬೇಕು ಅನ್ನಿಸಿದರೆ ಮಾಸ್ಟರಿಂಗ್ ಮುಗಿದಿಲ್ಲ.

ಧ್ವನಿ ಇಲ್ಲದ ಕರೋಕೆ ಟ್ರ್ಯಾಕ್‌ಗಳನ್ನೂ ಈಗಲೇ ಕೇಳಿ ಪಡೆಯಿರಿ. ಮುಂದೆ ಸ್ಟೇಜಿಗೆ ಬೇಕಾಗುತ್ತವೆ.

## ಹಂತ 9: ಅಪ್‌ಲೋಡ್

ಸ್ಪಾಟಿಫೈ, ಆಪಲ್‌ಗಳಿಗೆ ನಿಮ್ಮ ಹಾಡು ತಲುಪುವುದು ಡಿಸ್ಟ್ರೊಕಿಡ್, ಟ್ಯೂನ್‌ಕೋರ್ ತರಹದ ವಿತರಕರ ಮೂಲಕ. ಕೆಲವದಕ್ಕೆ ವರ್ಷ ವರ್ಷ ಶುಲ್ಕ ಕಟ್ಟಬೇಕು, ಕಟ್ಟದಿದ್ದರೆ ಹಾಡು ಇಳಿಸಬಹುದು. ಸೇರುವ ಮುಂಚೆ ಅದನ್ನು ಓದಿ. ಅಮೆರಿಕದ ಕಂಪನಿಯಾದರೆ ಡಬ್ಲ್ಯು-8 ಬೆನ್ ಅನ್ನುವ ತೆರಿಗೆ ಫಾರ್ಮ್ ತುಂಬಿಸುತ್ತಾರೆ, ಪ್ಯಾನ್ ಕಾರ್ಡ್ ಹತ್ತಿರ ಇಟ್ಟುಕೊಳ್ಳಿ.

ಕವರ್ ಚಿತ್ರ ಚೌಕ, 3000 × 3000 ಪಿಕ್ಸೆಲ್. ಅದರ ಮೇಲೆ ಫೋನ್ ನಂಬರ್, ಯೂಟ್ಯೂಬ್ ಲೋಗೊ ಹಾಕಿದರೆ ತಿರಸ್ಕಾರ ಆಗುತ್ತದೆ. ಚಿತ್ರದುರ್ಗದ ಕೋಟೆಯಲ್ಲಿ ಫೋಟೋ ಬೇಕು ಅನ್ನುವವರಿಗೆ ಒಂದು ಮಾತು: ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ. ಟ್ರೈಪಾಡ್, ಲೈಟು ತೆಗೆದುಕೊಂಡು ಹೋಗುವುದಾದರೆ ಮೊದಲೇ ಅನುಮತಿ ತೆಗೆದುಕೊಳ್ಳಿ.

ನಿಮ್ಮ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದೇ ತರಹ ಇರಲಿ. ಒಂದು ಕಡೆ ಒಂದು "ಎ" ಜಾಸ್ತಿ ಹಾಕಿದರೆ ಇಬ್ಬರು ಕಲಾವಿದರಾಗುತ್ತೀರಿ. ಅದೇ ಹೆಸರಿನವರು ಇನ್ನೊಬ್ಬರಿದ್ದರೆ ನಿಮ್ಮ ಹಾಡು ಅವರ ಪುಟಕ್ಕೆ ಹೋಗಿ ಕೂರುತ್ತದೆ. ಪ್ರತಿ ಹಾಡಿಗೂ ಐಎಸ್‌ಆರ್‌ಸಿ ಅನ್ನುವ 12 ಅಕ್ಷರದ ಗುರುತಿನ ಸಂಖ್ಯೆ ಸಿಗುತ್ತದೆ, ಬರೆದಿಟ್ಟುಕೊಳ್ಳಿ. ಆಲ್ಬಮ್ಮಿಗಿಂತ ಮೊದಲು ಒಂದು ಹಾಡನ್ನು ಸಿಂಗಲ್ ಆಗಿ ಬಿಟ್ಟಿದ್ದರೆ, ಆಲ್ಬಮ್ಮಿನಲ್ಲೂ ಅದೇ ಫೈಲ್, ಅದೇ ಸಂಖ್ಯೆ ಕೊಡಿ. ಆಗಲೇ ಹಳೆಯ ಪ್ಲೇಗಳು ಉಳಿಯುವುದು.

ಕಂಟೆಂಟ್ ಐಡಿ (ಬೇರೆಯವರ ವಿಡಿಯೋದಲ್ಲಿ ನಿಮ್ಮ ಹಾಡಿದ್ದರೆ ಗುರುತು ಹಿಡಿಯುವ ಯೂಟ್ಯೂಬಿನ ವ್ಯವಸ್ಥೆ) ಬೇಕಾ ಅಂತ ವಿತರಕರು ಕೇಳುತ್ತಾರೆ. ಎಲ್ಲವೂ ನಿಮ್ಮದೇ ಆದರೆ ಮಾತ್ರ ಹೂಂ ಅನ್ನಿ. ಕೊಂಡ ಬೀಟ್, ರೆಡಿಮೇಡ್ ಲೂಪ್ ಇರುವ ಹಾಡಿಗೆ ಬೇಡ. ಕವರ್, ಹೆಸರು, ಫೈಲ್ ಎಲ್ಲ ತುಂಬಿ ಮುಗಿಸಿದ ಮೇಲೆ, ಸಾಹಿತ್ಯ ಮತ್ತು ರಾಗದ ರಾಯಲ್ಟಿಗಾಗಿ ಐಪಿಆರ್‌ಎಸ್ ಅನ್ನುವ ಹಕ್ಕುದಾರರ ಸಂಸ್ಥೆಯ ಸದಸ್ಯತ್ವಕ್ಕೂ ಅರ್ಜಿ ಹಾಕಿ.

## ಹಂತ 10: ಬಿಡುಗಡೆ

ದಿನಾಂಕವನ್ನು ಅಪ್‌ಲೋಡ್ ಮಾಡಿದ ಮೇಲೆ ನಾಲ್ಕು ವಾರ ಬಿಟ್ಟು ಇಡಿ, ಶುಕ್ರವಾರ ಆದರೆ ಒಳ್ಳೆಯದು. ಸ್ಪಾಟಿಫೈನ ಸಂಪಾದಕರ ಪ್ಲೇಲಿಸ್ಟಿಗೆ ಕೋರಿಕೆ ಕಳಿಸಲು ಕನಿಷ್ಠ 7 ದಿನ ಮುಂಚಿತವಾಗಿರಬೇಕು, ಆಲ್ಬಮ್ಮಿನ ಒಂದೇ ಹಾಡಿಗೆ ಅವಕಾಶ. ನಿಮಗೆ ಇಷ್ಟವಾದದ್ದಕ್ಕಿಂತ, ಹಂತ 2ರ ಪರೀಕ್ಷೆಯಲ್ಲಿ ಕೇಳಿದವರು ಸಾಲು ತಪ್ಪಿಲ್ಲದೆ ಬರೆದುಕೊಟ್ಟ ಹಾಡನ್ನು ಕಳಿಸಿ.

"ಹತ್ತು ಸಾವಿರ ಪ್ಲೇ ಕೊಡಿಸ್ತೀವಿ" ಅಂತ ಮೆಸೇಜ್ ಬರುತ್ತವೆ. ಮುಟ್ಟಬೇಡಿ. ನಕಲಿ ಪ್ಲೇ ಸಿಕ್ಕಿಬಿದ್ದರೆ ಹಾಡು ತೆಗೆಯುತ್ತಾರೆ, ವಿತರಕರಿಗೆ ದಂಡ ಬೀಳುತ್ತದೆ, ಅವರು ಅದನ್ನು ನಿಮ್ಮ ಮೇಲೆ ಹಾಕಬಹುದು. 2024ರಿಂದ ಸ್ಪಾಟಿಫೈಯಲ್ಲಿ ಒಂದು ಹಾಡಿಗೆ 12 ತಿಂಗಳಲ್ಲಿ 1,000 ಪ್ಲೇ ಆಗದಿದ್ದರೆ ಅದರ ಮುದ್ರಣದ ದುಡ್ಡು ಲೆಕ್ಕಕ್ಕೇ ಬರುವುದಿಲ್ಲ. ಆ ಸಾವಿರ ನಿಜವಾದ ಕಿವಿಗಳಿಂದ ಬರಲಿ, ನೆಂಟರಿಗೆ ಲಿಂಕ್ ಕಳಿಸಲು ನಾಚಿಕೆ ಬೇಡ.

ಬಿಡುಗಡೆ ದಿನ ಬೆಳಿಗ್ಗೆ ಬೇರೆಯವರ ಫೋನಿನಲ್ಲಿ ಎಂಟೂ ಹಾಡು ತೆರೆದು ನೋಡಿ. ಕ್ರಮ ಸರಿ ಇದೆಯಾ, ಹೆಸರು ಸರಿ ಇದೆಯಾ, ಹಾಡು ಕೊನೆತನಕ ಓಡುತ್ತದೆಯಾ? ತಪ್ಪು ಕಂಡರೆ ಹಾಡು ಇಳಿಸಬೇಡಿ, ವಿತರಕರಿಗೆ ತಿದ್ದುಪಡಿ ಕೋರಿಕೆ ಕಳಿಸಿ.

ಆಮೇಲೆ ಬಿಡಿ ಟ್ರ್ಯಾಕ್, ಮಾಸ್ಟರ್, ಕರೋಕೆ, ಕಾಗದಪತ್ರದ ಫೋಟೋ ಎಲ್ಲವನ್ನೂ ಎರಡು ಹಾರ್ಡ್ ಡಿಸ್ಕಿಗೆ ಹಾಕಿ. ಎರಡೂ ಒಂದೇ ಮನೆಯಲ್ಲಿ ಬೇಡ. ನನ್ನ ಎರಡನೆಯದು ಹಿರಿಯೂರಿನಲ್ಲಿ ಅಕ್ಕನ ಮನೆಯ ಅಟ್ಟದ ಮೇಲೆ, ಚಕ್ಕುಲಿ ಡಬ್ಬಿಯಲ್ಲಿದೆ.